ದಾರಕ್ಕೆ ತಕ್ಕ ರೀಲು

ಬೇಟ್‌ಕಾಸ್ಟಿಂಗ್ ರೀಲು ಗಾಳದ ಕೋಲಿನ ಮೇಲೆ ಅಡ್ಡಲಾಗಿ ಕೂರುವ ಚಿಕ್ಕ ಯಂತ್ರ. ಸ್ಪಿನ್ನಿಂಗ್ ರೀಲಿನಲ್ಲಿ ಎರೆಯನ್ನು ಎಸೆದಾಗ ದಾರ ಸುತ್ತಿದ ಸ್ಪೂಲ್ ಅಲುಗದೆ ನಿಂತು, ದಾರ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಎರೆಯ ಎಳೆತಕ್ಕೆ ಸ್ಪೂಲೇ ತಿರುಗಿ ದಾರ ಬಿಡುತ್ತದೆ. ಅಮೆರಿಕದ ಕೆಂಟಕಿಯಲ್ಲಿ 19ನೆಯ ಶತಮಾನದ ಆರಂಭದಲ್ಲಿ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್ ಬಾಸ್ ಮೀನಿಗಾಗಿ ಮಾಡಿದ ರೀಲುಗಳು ಇದರ ಪೂರ್ವಜರು.

ಕೃಷ್ಣಾ, ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲಿ ಬಾಸ್ ಇಲ್ಲ. ಅದರಂತೆ ಹೊಂಚು ಹಾಕಿ ಬೇಟೆಯಾಡುವ ಮೀನು ಇಲ್ಲಿ ಕೊರವ. ಕೃಷ್ಣೆಯನ್ನು ದಾಟಿದರೆ ಸಿಗುವ ತೆಲಂಗಾಣದ ರಾಜ್ಯ ಮೀನೂ ಇದೇ. ಅದಕ್ಕಿಂತ ದೊಡ್ಡ ಬೇಟೆಗಾರ ಬಾಳೆ ಮೀನು, ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು.

ರೀಲುಗಳ ಮೇಲಿನ 70, 100, 150, 200, 300 ಎಂಬ ಅಂಕಿಗಳು ಅಳತೆಯ ಮಾನಗಳಲ್ಲ. ಸಂಖ್ಯೆ ಏರಿದಂತೆ ಸ್ಪೂಲ್ ದೊಡ್ಡದಾಗುತ್ತದೆ ಎಂಬುದಷ್ಟೇ ಅವುಗಳ ಅರ್ಥ. ಕಂಪನಿಯಿಂದ ಕಂಪನಿಗೆ ಅವು ಬದಲಾಗುತ್ತವೆ. ನಂಬಬೇಕಾದದ್ದು ದಾರದ ದಪ್ಪ ಮತ್ತು ಉದ್ದದ ಲೆಕ್ಕವನ್ನು. ದಪ್ಪ ಹೆಚ್ಚಿದಂತೆ ಸ್ಪೂಲಿನಲ್ಲಿ ಹಿಡಿಯುವ ಉದ್ದ ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 0.30 ಮಿಲಿಮೀಟರ್ ದಾರ 100 ಮೀಟರ್ ಹಿಡಿಯುವ ಸ್ಪೂಲಿನಲ್ಲಿ 0.40 ಮಿಲಿಮೀಟರ್ ದಾರ ಸುಮಾರು 56 ಮೀಟರ್ ಮಾತ್ರ ಹಿಡಿಯುತ್ತದೆ.

ಹಾಗೆಂದು ದೊಡ್ಡ ರೀಲೇ ಒಳ್ಳೆಯದಲ್ಲ. ಸುರುಳಿಯ ಅಗಲ ಅಷ್ಟೇ ಇದ್ದು ತ್ರಿಜ್ಯ ಐದರಲ್ಲಿ ಒಂದು ಪಾಲು ಹೆಚ್ಚಿದರೂ, ತಿರುಗುವ ಜಡತ್ವ ಸುಮಾರು ಇಮ್ಮಡಿಯಾಗುತ್ತದೆ. ಹಗುರವಾದ ಎರೆ ಅಂಥ ಸ್ಪೂಲನ್ನು ಸುಲಭವಾಗಿ ತಿರುಗಿಸಲಾರದು. ತಿರುಗಿದ ಮೇಲೆ, ಎರೆಯ ವೇಗ ತಗ್ಗಿದರೂ ಸ್ಪೂಲ್ ನಿಲ್ಲದೆ ದಾರವನ್ನು ಉಗುಳಿ ಸಿಕ್ಕುಗಟ್ಟಿಸುತ್ತದೆ. ಇದನ್ನು ತಡೆಯಲು ಹೆಬ್ಬೆರಳಿನ ಒತ್ತಡದ ಜೊತೆಗೆ ಎರಡು ಬಗೆಯ ಬ್ರೇಕುಗಳಿವೆ. ಒಂದರಲ್ಲಿ ಪುಟ್ಟ ತುಂಡುಗಳು ವೇಗಕ್ಕೆ ಹೊರಗೆ ಸಿಡಿದು ಬಳೆಗೆ ಉಜ್ಜುತ್ತವೆ. ಇನ್ನೊಂದರಲ್ಲಿ ಅಯಸ್ಕಾಂತಗಳು ತಿರುಗುವ ಅಲ್ಯೂಮಿನಿಯಂ ಸ್ಪೂಲಿನಲ್ಲಿ ವಿದ್ಯುತ್ ಸುಳಿಗಳನ್ನು ಹುಟ್ಟಿಸಿ, ಮುಟ್ಟದೆಯೇ ಅದನ್ನು ನಿಧಾನಿಸುತ್ತವೆ.

ದಾರ ಮರಳಿ ಬರುವ ವೇಗವನ್ನು ಗೇರು ಮತ್ತು ಸ್ಪೂಲ್ ಕೂಡಿ ನಿರ್ಧರಿಸುತ್ತವೆ. ತುಂಬಿದ ಸ್ಪೂಲಿನ ವ್ಯಾಸ 34 ಮಿಲಿಮೀಟರ್ ಇದ್ದಾಗ, ಹಿಡಿಕೆಯ ಒಂದು ಸುತ್ತಿಗೆ 5.4:1 ಗೇರು ಸುಮಾರು 58 ಸೆಂಟಿಮೀಟರ್ ದಾರ ಸುತ್ತಿದರೆ, 8.1:1 ಗೇರು 86 ಸೆಂಟಿಮೀಟರಿಗೂ ಹೆಚ್ಚು ಸುತ್ತುತ್ತದೆ. ವೇಗ ಹೆಚ್ಚಿದಷ್ಟೂ ಎಳೆಯುವ ಬಲ ಕಡಿಮೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿ ಕಡೆಯ ಕೆರೆ, ಹಳ್ಳಗಳಲ್ಲಿ ಕೊರವ ಕಳೆಯ ಮರೆಯಲ್ಲಿರುತ್ತದೆ. ಎರೆಯಾಗಿ ಎಸೆದ ರಬ್ಬರ್ ಕಪ್ಪೆಯನ್ನು ನುಂಗಿದ ಕೂಡಲೇ ಅದು ಬೇರುಗಳೊಳಗೆ ನುಗ್ಗುತ್ತದೆ. ಓಟ ಗಿಡ್ಡ, ಸಮಯವೂ ಗಿಡ್ಡ. ಇಲ್ಲಿ ಬೇಕಾದದ್ದು ಉದ್ದದ ದಾರವಲ್ಲ. ಗಟ್ಟಿಯಾದ ಹೆಣೆದ ದಾರ, 100 ಅಥವಾ 150ರ ರೀಲು, 7:1ಕ್ಕಿಂತ ಮೇಲಿನ ಗೇರು. ಹೆಣೆದ ದಾರ ನುಣುಪಾದ ಸ್ಪೂಲಿನ ಮೇಲೆ ಜಾರುವುದರಿಂದ ತಳದಲ್ಲಿ ಕೆಲವು ಸುತ್ತು ನೈಲಾನ್ ದಾರ ಸುತ್ತಬೇಕು. ಮರಿಗಳ ಹಿಂಡನ್ನು ಕಾಯುತ್ತಿರುವ ಕೊರವವನ್ನು ಹಿಡಿಯಲೇಬಾರದು. ಕಾವಲು ತಪ್ಪಿದರೆ ಹಿಂಡೇ ಬೇರೆ ಮೀನುಗಳ ಪಾಲಾಗುತ್ತದೆ.

ದೇವದುರ್ಗದ ಹೂವಿನಹೆಡಗಿ, ರಾಯಚೂರು ನಗರದ ಉತ್ತರಕ್ಕಿರುವ ಶಕ್ತಿನಗರದಂಥ ಕಡೆ ಕೃಷ್ಣೆಯ ಲೆಕ್ಕವೇ ಬೇರೆ. ಹರಿವಿನ ಜೊತೆ ಓಡುವ ಬಾಳೆ ಮೀನು ದಾರವನ್ನು ಉದ್ದಕ್ಕೆ ಎಳೆದೊಯ್ಯುತ್ತದೆ. ನದಿಯಲ್ಲಿ ಮೊಸಳೆಗಳಿರುವುದರಿಂದ ನೀರಿಗಿಳಿದು ಬೆನ್ನಟ್ಟುವಂತಿಲ್ಲ. ಅಂಚಿನಿಂದ ದೂರ ನಿಂತೇ ಎಳೆಯಬೇಕು. ಸ್ಪೂಲ್ ಬರಿದಾಗುತ್ತ ಸುರುಳಿಯ ತ್ರಿಜ್ಯ ಅರ್ಧಕ್ಕಿಳಿದರೆ, ಸ್ಪೂಲ್ ಎಷ್ಟು ಎಳೆತಕ್ಕೆ ಜಾರಬೇಕೆಂದು ಹೊಂದಿಸುವ ಡ್ರ್ಯಾಗನ್ನು ಮುಟ್ಟದಿದ್ದರೂ ದಾರದ ಮೇಲಿನ ಬಿಗಿ ಎರಡರಷ್ಟಾಗುತ್ತದೆ. ಓಟದ ಕೊನೆಯಲ್ಲಿ ದಾರ ಕಡಿಯುವುದಕ್ಕೆ ಇದೂ ಒಂದು ಕಾರಣ. 300ರ ರೀಲಿನಲ್ಲಿ ಅಷ್ಟೇ ಉದ್ದದ ದಾರ ಹೋದರೂ ತ್ರಿಜ್ಯ ಅಷ್ಟಾಗಿ ಇಳಿಯುವುದಿಲ್ಲ. ಬಾಳೆ ಮೀನಿಗೆ, ಹೆಚ್ಚು ಬಲ ಕೊಡುವ 5:1ರಿಂದ 6:1ರ ಗೇರು ಹೊಂದುತ್ತದೆ.

ಡ್ರ್ಯಾಗನ್ನು ಅಂದಾಜಿನಲ್ಲಿ ಬಿಗಿಯಬಾರದು. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು, ದಾರ ಕಡಿಯುವ ಭಾರದ ನಾಲ್ಕರಲ್ಲಿ ಒಂದರಿಂದ ಮೂರರಲ್ಲಿ ಒಂದು ಪಾಲಿನಷ್ಟು ಎಳೆತಕ್ಕೆ ಸ್ಪೂಲ್ ಜಾರುವಂತೆ ಹೊಂದಿಸುವುದು ರೂಢಿ. ಹೀಗೆ ಆಯ್ಕೆಯ ಕ್ರಮ ನೀರಿನಿಂದ ಶುರುವಾಗುತ್ತದೆ: ನೀರು ಮೀನನ್ನು, ಮೀನು ದಾರವನ್ನು, ದಾರದ ದಪ್ಪ ಮತ್ತು ಉದ್ದ ಸ್ಪೂಲನ್ನು ನಿರ್ಧರಿಸುತ್ತವೆ. ಬೇಕಾದ ದಾರ ಹಿಡಿಯುವ ರೀಲುಗಳಲ್ಲಿ ಅತಿ ಚಿಕ್ಕದೇ ಸರಿಯಾದ ಗಾತ್ರ.