ಅವಳ ಪರವಾಗಿ ‘ಹೂಂ’ ಅಂದವರು ಯಾರು?

ಲೆಕ್ಚರ್ ವಿಡಿಯೊಗಳನ್ನೇ ಎರಡು ಪಟ್ಟು ವೇಗದಲ್ಲಿ ಓಡಿಸಿ ನೋಡುವ ನಮ್ಮಂಥವರಿಗೆ ನಾಲ್ಕು ಗಂಟೆಯ ಸಿನಿಮಾ ಅಂದರೆ ಶಿಕ್ಷೆಯೇ ಸರಿ. ಅದೂ ಒಬ್ಬ ಚಿತ್ರಕಾರ ಚಿತ್ರ ಬರೆಯುತ್ತಾನೆ, ಒಬ್ಬಳು ರೂಪದರ್ಶಿ ಕೂರುತ್ತಾಳೆ, ಇಷ್ಟೇ ಕಥೆ ಎಂದರೆ ಯಾರು ನೋಡುತ್ತಾರೆ? ಆದರೂ ಫ್ರಾನ್ಸ್‌ನ ಜಾಕ್ ರಿವೆಟ್ ನಿರ್ದೇಶಿಸಿದ ‘ಲಾ ಬೆಲ್ ನ್ವಾಜೂಜ್’ ಚಿತ್ರವನ್ನು ಸೆಮಿಸ್ಟರ್ ರಜೆಯಲ್ಲಿ ಎರಡು ರಾತ್ರಿ ಕೂತು ನೋಡಿದೆ. 1991ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾನ್ ಪ್ರಿ ಪಡೆದ ಸಿನಿಮಾ ಇದು. ಬಾಲ್ಜಾಕ್‌ನ ಹಳೆಯ ಕಥೆಯೊಂದು ಇದಕ್ಕೆ ಆಧಾರ.

ಫ್ರೆನ್ಹೋಫರ್ ಹೆಸರುವಾಸಿ ಕಲಾವಿದ. ಹೆಂಡತಿ ಲಿಜ್‌ಳನ್ನೇ ಕೂರಿಸಿಕೊಂಡು ಬರೆಯುತ್ತಿದ್ದ ದೊಡ್ಡ ಚಿತ್ರವೊಂದನ್ನು ಹತ್ತು ವರ್ಷದ ಹಿಂದೆ ಅರ್ಧಕ್ಕೇ ಕೈಬಿಟ್ಟಿದ್ದಾನೆ. ಅವನ ಮನೆಗೆ ನಿಕೋಲಾ ಎಂಬ ಯುವ ಕಲಾವಿದ ತನ್ನ ಗೆಳತಿ ಮರಿಯಾನ್ ಜೊತೆ ಬರುತ್ತಾನೆ. ಆ ಚಿತ್ರಕ್ಕೆ ಮರಿಯಾನ್ ರೂಪದರ್ಶಿಯಾಗಲಿ ಎಂಬ ಮಾತು ಬಂದಾಗ ನಿಕೋಲಾ ಒಪ್ಪಿಬಿಡುತ್ತಾನೆ. ಬಟ್ಟೆ ಕಳಚಿ ಕೂರಬೇಕಾದವಳು ಮರಿಯಾನ್. ಅವಳನ್ನು ಮಾತ್ರ ಯಾರೂ ಕೇಳಿಲ್ಲ!

ಅವಳು ಸಿಟ್ಟಾಗುತ್ತಾಳೆ. ಆದರೂ ಮರುದಿನ ಹೋಗುತ್ತಾಳೆ. ಶುರುವಿನಲ್ಲಿ ಫ್ರೆನ್ಹೋಫರ್ ಅವಳ ಕೈಕಾಲುಗಳನ್ನು ಗೊಂಬೆಯದೇನೋ ಎಂಬಂತೆ ತಿರುಗಿಸಿ ತನಗೆ ಬೇಕಾದ ಭಂಗಿಯಲ್ಲಿ ನಿಲ್ಲಿಸುತ್ತಾನೆ. ಮೈ ನೋಯುತ್ತದೆ. ಕಾಗದದ ಮೇಲೆ ಲೇಖನಿ ಕೆರೆಯುವ ಸದ್ದು ಬಿಟ್ಟರೆ ಕೋಣೆಯಲ್ಲಿ ಹೆಚ್ಚು ಮಾತಿಲ್ಲ. ತೆರೆಯ ಮೇಲೆ ನಿಜವಾಗಿ ಬರೆಯುವ ಕೈ ನಟ ಮಿಷೆಲ್ ಪಿಕೋಲಿಯದಲ್ಲ, ಬರ್ನಾರ್ ದುಫೂರ್ ಎಂಬ ಚಿತ್ರಕಾರನದು. ಗೆರೆ ಹುಟ್ಟುವುದನ್ನೂ ಕೆಡುವುದನ್ನೂ ನಾವು ನಿಧಾನವಾಗಿ ನೋಡುತ್ತೇವೆ. ವೇಗ ಹೆಚ್ಚಿಸಬೇಕು ಎಂದು ನನಗೆ ಅನ್ನಿಸಲೇ ಇಲ್ಲ.

ಆಮೇಲೆ ಸಿನಿಮಾ ತಿರುಗುತ್ತದೆ. ತನ್ನಿಂದ ಇದು ಆಗದು ಎಂದು ಮುದುಕ ಸೋತು ಕೂರುತ್ತಾನೆ. ಆಗ ಬಿಡದೆ ಹಟ ಹಿಡಿಯುವವಳು ಮರಿಯಾನ್. ಕೂರುವ ರೀತಿಯನ್ನೂ ಈಗ ತಾನೇ ಆರಿಸಿಕೊಳ್ಳುತ್ತಾಳೆ. ಎಮಾನ್ಯುಯೆಲ್ ಬೆಆರ್ ಈ ಬದಲಾವಣೆಯನ್ನು ಹೆಚ್ಚು ಮಾತಿಲ್ಲದೆ, ಕಣ್ಣು ಮತ್ತು ಬೆನ್ನಿನಲ್ಲೇ ತೋರಿಸಿದ್ದಾರೆ. ಬೇರೆಯವರು ಒಪ್ಪಿಕೊಂಡು ಬಂದ ಕೆಲಸ ಅವಳದೇ ಕೆಲಸವಾಗುತ್ತದೆ.

ಈ ಜಾಗ ನನ್ನನ್ನು ಹಿಡಿದು ನಿಲ್ಲಿಸಿತು. ಪಿಯುಸಿ ಮುಗಿದಾಗ ನಮ್ಮಲ್ಲಿ ಎಷ್ಟು ಜನರ ಪರವಾಗಿ ಮನೆಯವರು, ನೆಂಟರು ‘ಹೂಂ’ ಅಂದಿಲ್ಲ? ನಾನು ಮೆಕ್ಯಾನಿಕಲ್ ಓದಬೇಕೆಂದು ನಿರ್ಧರಿಸಿದ್ದು ಅಪ್ಪ ಮತ್ತು ದೊಡ್ಡಪ್ಪ. ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಐದು ಸೆಮಿಸ್ಟರ್ ಕಳೆದ ಮೇಲೂ ಇದು ನನ್ನ ಕೆಲಸವೋ ಅವರದೋ ಎಂಬ ಪ್ರಶ್ನೆ ಹಾಗೇ ಇದೆ. ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತಾಗ ‘ನನ್ನದೇ’ ಅನ್ನಿಸುತ್ತದೆ. ಹಾಜರಾತಿಗಾಗಿ ಕ್ಲಾಸಿನಲ್ಲಿ ಕೂತಾಗ ಹಾಗನ್ನಿಸುವುದಿಲ್ಲ.

ಹಾಗಂತ ಕೊಟ್ಟದ್ದನ್ನು ಒಪ್ಪಿಕೊಂಡರೆ ಎಲ್ಲ ಸುಖಾಂತ್ಯ ಎಂದು ಸಿನಿಮಾ ಹೇಳುವುದಿಲ್ಲ. ಲಿಜ್‌ಳ ಹಳೆಯ ಚಿತ್ರದ ಮೇಲೆಯೇ ಫ್ರೆನ್ಹೋಫರ್ ಹೊಸದನ್ನು ಬರೆಯುತ್ತಾನೆ. ಅದು ಲಿಜ್‌ಗೆ ಎಂಥ ಪೆಟ್ಟು ಎಂಬುದು ಜೇನ್ ಬರ್ಕಿನ್ ಮುಖದಲ್ಲಿ ಕಾಣುತ್ತದೆ. ಮುಗಿದ ಚಿತ್ರ ನೋಡಿದ ಮರಿಯಾನ್ ಅಲ್ಲಿ ನಿಲ್ಲಲಾಗದೆ ಹೊರಟುಹೋಗುತ್ತಾಳೆ. ಕೊನೆಗೆ ಅವನು ಅದನ್ನು ಇಟ್ಟಿಗೆ ಗೋಡೆಯೊಳಗೆ ಹುದುಗಿಸಿ, ಊರಿಗೆ ತೋರಿಸಲು ಬೇರೆಯೇ ಚಿತ್ರ ಬರೆದುಕೊಡುತ್ತಾನೆ. ನಾಲ್ಕು ಗಂಟೆ ಕಾದ ನಮಗೂ ಅಸಲಿ ಚಿತ್ರ ಕಾಣಿಸುವುದಿಲ್ಲ.

ಮೊದಲು ಮೋಸ ಹೋದಂತೆ ಅನ್ನಿಸಿತು. ಪ್ಲೇಸ್‌ಮೆಂಟ್, ಪ್ಯಾಕೇಜ್ ಎಂದು ಎಲ್ಲವನ್ನೂ ತೋರಿಸುವುದಕ್ಕಾಗಿಯೇ ಮಾಡುವ ವಯಸ್ಸು ನಮ್ಮದು. ಮರಿಯಾನ್‌ಗೆ ದಕ್ಕಿದ್ದು ಮಾತ್ರ ಯಾವ ಗೋಡೆಯ ಮೇಲೂ ತೂಗುವಂಥದ್ದಲ್ಲ. ಅವಳನ್ನು ಕೇಳದೆ ಒಪ್ಪಿದವರ ಮುಂದೆ, ಇನ್ನು ತನ್ನ ಮಾತನ್ನು ತಾನೇ ಆಡಬಲ್ಲಳು. ನನಗೂ ಡಿಗ್ರಿ ಜೊತೆಗೆ ಅಷ್ಟು ದಕ್ಕಿದರೆ ಸಾಕು.