ಹಳೆಯ ಕಾರ್ಬ್ಯುರೇಟರ್ ದುರಸ್ತಿ: ಸಣ್ಣ ವರ್ಕ್‌ಷಾಪ್‌ಗಳಿಗೊಂದು ಲಾಭದ ದಾರಿ

ಮಾಂಬಳ್ಳಿ ಕಡೆಯ ಮೆಕ್ಯಾನಿಕ್ ಒಬ್ಬರು ಕಳೆದ ವರ್ಷ ತಮ್ಮ ಬಿಲ್ ಪುಸ್ತಕದೊಡನೆ ನನ್ನ ಕಚೇರಿಗೆ ಬಂದಿದ್ದರು. ಹಳೆಯ ಕಾರೊಂದರ ಕಾರ್ಬ್ಯುರೇಟರನ್ನು ಸರಿಪಡಿಸಿ 1,800 ರೂಪಾಯಿ ಪಡೆದಿದ್ದರು. ಸಾಮಗ್ರಿಗೆ ತಗುಲಿದ್ದು 1,100. ದುಡಿದದ್ದು 14 ಗಂಟೆ. ಅಂದರೆ ಗಂಟೆಗೆ ದಕ್ಕಿದ್ದು 50 ರೂಪಾಯಿ. “ಮಗನಿಗೆ ಈ ಕೆಲಸ ಬೇಡವಂತೆ ಸ್ವಾಮಿ” ಎಂದರು. ಈ ಲೆಕ್ಕ ನೋಡಿದ ಯಾವ ಮಗನಿಗೆ ತಾನೇ ಬೇಕಾದೀತು?

ಆದರೆ ಬೇಡಿಕೆಗೆ ಕೊರತೆಯಿಲ್ಲ. 2020ರ ಏಪ್ರಿಲ್‌ನಿಂದ ಬಿ.ಎಸ್.-6 ನಿಯಮ ಜಾರಿಯಾಗಿ ಹೊಸ ವಾಹನಗಳಿಂದ ಕಾರ್ಬ್ಯುರೇಟರ್ ಬಹುತೇಕ ಮರೆಯಾಯಿತು. ಹಳೆಯವು ಮಾತ್ರ ಉಳಿದಿವೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿವೆ. ಧರ್ಮಸ್ಥಳದ ಕಾರು ಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಗಳನ್ನು ಕಂಡವರಿಗೆ ಈ ಆಸಕ್ತಿಯ ವಿಸ್ತಾರ ತಿಳಿದಿದೆ. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನಗಳಿಗೆ ಪ್ರತ್ಯೇಕ ವಿಂಟೇಜ್ ನೋಂದಣಿಯೂ ಉಂಟು. ಮೂಲ ಸ್ವರೂಪಕ್ಕೆ ಬೆಲೆಯಿರುವಲ್ಲಿ ಮೂಲ ಬಿಡಿಭಾಗದ ದುರಸ್ತಿಗೂ ಬೆಲೆಯುಂಟು.

ಕೆಲಸದ ಸ್ವರೂಪ

ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸುವುದೇ ಕಾರ್ಬ್ಯುರೇಟರಿನ ಕಾರ್ಯ. ಥ್ರಾಟಲ್ ದಂಡದ ಬುಷ್ ಸವೆದರೆ ಸಂದಿನಲ್ಲಿ ಗಾಳಿ ಒಳನುಗ್ಗಿ ಎಂಜಿನ್ ಕುಂಟುತ್ತದೆ. ರಂಧ್ರವನ್ನು ಕೊರೆದು ಕಂಚಿನ ಬುಷ್ ಕೂರಿಸಬೇಕು. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿದರೆ, ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಜೆಟ್‌ಗೆ ತಂತಿ ತೂರಿಸುವುದು ಸಲ್ಲದು; ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಹದ ತಪ್ಪುತ್ತದೆ.

ಈಗ ಹೊಸ ಸಮಸ್ಯೆಯೊಂದು ಸೇರಿದೆ. 2023ರಲ್ಲಿ ಆರಂಭವಾದ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲ್ ಈಗ ದೇಶವ್ಯಾಪಿಯಾಗಿದೆ. ಎಥನಾಲ್ ಹಳೆಯ ರಬ್ಬರನ್ನು ಹಾಳುಗೆಡಹುತ್ತದೆ; ಕಾರ್ಕ್ ಫ್ಲೋಟಿಗೆ ಬಳಿದ ಅರಗಿನ ಲೇಪವನ್ನು ಕರಗಿಸುತ್ತದೆ. ಎಥನಾಲ್ ತಾಳಬಲ್ಲ ವಾಷರ್, ಸೀಲುಗಳನ್ನು ತಯಾರಿಸುವುದು ಸಣ್ಣ ಉದ್ದಿಮೆಗೆ ಎಟುಕುವ ಕೆಲಸ.

ಇಂಗ್ಲೆಂಡಿನ ಸಾಲಿಸ್ಬರಿಯ ಬರ್ಲೆನ್ ಸಂಸ್ಥೆ ಇಲ್ಲಿ ನಮಗೆ ಪಾಠವಾಗಬಲ್ಲದು. ದೊಡ್ಡ ಕಾರ್ಖಾನೆಗಳು ಕೈಬಿಟ್ಟ ‘ಎಸ್.ಯು.’ ಕಾರ್ಬ್ಯುರೇಟರಿನ ಹೆಸರು ಮತ್ತು ಹಕ್ಕುಗಳನ್ನು ಅದು 1996ರಲ್ಲಿ ಪಡೆದು, ಹಳೆಯ ಕಾರುಗಳಿಗಾಗಿಯೇ ತಯಾರಿಕೆಯನ್ನು ಮುಂದುವರಿಸಿತು.

ಲೆಕ್ಕದ ಮಾತು

ಈ ಕೆಲಸಕ್ಕೆ ಕಾರು ಊರಿಗೆ ಬರಬೇಕಾಗಿಲ್ಲ. ಕಾರ್ಬ್ಯುರೇಟರ್ ಒಂದು ಪಾರ್ಸಲ್‌ನಲ್ಲಿ ಬರುತ್ತದೆ. ಆದ್ದರಿಂದ ಮಾಂಬಳ್ಳಿಯಲ್ಲಿದ್ದೂ ಮುಂಬಯಿಯ ಗ್ರಾಹಕರಿಗೆ ದುಡಿಯಬಹುದು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಕೂಲಿ ಮತ್ತು ಸಾಮಗ್ರಿಯನ್ನು ಬಿಲ್ಲಿನಲ್ಲಿ ಬೇರೆಬೇರೆಯಾಗಿ ತೋರಿಸಿ, ಗಂಟೆಯ ದರವನ್ನು ಮುಂಚಿತವಾಗಿಯೇ ತಿಳಿಸುವುದು. ಎರಡನೆಯದು ಜಿ.ಎಸ್.ಟಿ. ಕೇವಲ ದುರಸ್ತಿ ಸೇವೆಯಾದರೆ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಬಿಡಿಭಾಗಗಳನ್ನು ಹೊರರಾಜ್ಯಕ್ಕೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿರುವುದು ಅನುಕೂಲವೇ.

ಆ ಮೆಕ್ಯಾನಿಕ್ ಮುಂದಿನ ಬಿಲ್ಲಿನಲ್ಲಿ ಗಂಟೆಗೆ 300 ರೂಪಾಯಿ ಬರೆದರು. ಗ್ರಾಹಕ ಚೌಕಾಸಿ ಮಾಡದೆ ಕೊಟ್ಟರಂತೆ. ಮಗ ಇನ್ನೂ ಒಪ್ಪಿಲ್ಲ. ಆದರೆ ಬಿಲ್ ಬರೆಯುವ ಕೆಲಸವನ್ನು ಈಗ ಅವನೇ ವಹಿಸಿಕೊಂಡಿದ್ದಾನೆ.