ತಂಬಿಗೆ ನೀರು

ಸವಣೂರಿನಲ್ಲಿ ಆ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮೂರು ದೈತ್ಯ ಮರಗಳನ್ನು ನೋಡಿಕೊಂಡು ಬಂದಿದ್ದೆ. ಊರಿನ ಬಾಯಲ್ಲಿ ಅವು ಹುಣಸೆ. ನಿಜಕ್ಕೂ ಆಫ್ರಿಕಾ ಮೂಲದ ಬಾವೊಬಾಬ್. ದೂರದಿಂದ ಬಂದವಕ್ಕೆ ತನ್ನ ಮನೆಯ ಹೆಸರನ್ನೇ ಇಟ್ಟು ಉಳಿಸಿಕೊಂಡ ಊರು ಇದು.

ಎಲೆಬಳ್ಳಿ ತೋಟದ ದಾರಿ ಕೇಳಲೆಂದು ಓಣಿಯ ಮನೆಯೊಂದರ ಮುಂದೆ ನಿಂತೆ. ಪಡಸಾಲೆಯಲ್ಲಿ ಅಜ್ಜಿಯೊಬ್ಬರು ಒದ್ದೆ ಗೋಣಿತಟ್ಟಿನ ಮೇಲೆ ವೀಳ್ಯದೆಲೆ ಹರಡಿಕೊಂಡು, ತೊಟ್ಟೆಲ್ಲ ಒಂದೇ ಕಡೆ ಬರುವಂತೆ ಜೋಡಿಸುತ್ತಿದ್ದರು.

“ಬಿಸಿಲಾಗ ಯಾಕ ನಿಂತೀರಿ? ಒಳಗ ಬರ್ರಿ.”

ನಾನು ಬಾಯಿ ತೆರೆಯುವ ಮೊದಲೇ ಹಿತ್ತಾಳೆ ತಂಬಿಗೆಯಲ್ಲಿ ನೀರು ಬಂತು, ಜೊತೆಗೊಂದು ಬೆಲ್ಲದ ಚೂರು. ಯಾವೂರು, ಯಾರ ಪೈಕಿ ಎಂಬ ಪ್ರಶ್ನೆಗಳೆಲ್ಲ ನೀರು ಗಂಟಲಿಳಿದ ಮೇಲೆ.

“ಊಟದ ಹೊತ್ತಿನ್ಯಾಗ ಬಂದೀರಿ, ಹಂಗ ಕಳಸಂಗಿಲ್ಲ,” ಎಂದು ಒಳಗೆ ಹೋದರು. ರೊಟ್ಟಿ ಬಡಿಯುವ ಪಟಪಟ ಸದ್ದು ಶುರುವಾಯಿತು. ಮೊಮ್ಮಗಳು ಸೆರಗಿನಡಿ ಬಟ್ಟಲು ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಹೊರಗೋಡಿದಳು. ತುಸು ಹೊತ್ತಿಗೆ ನನ್ನ ತಾಟಿನಲ್ಲಿ ಜೋಳದ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪಕ್ಕಕ್ಕೆ ಗಟ್ಟಿ ಮೊಸರು. ಆ ಮೊಸರು ಯಾರ ಮನೆಯದೆಂದು ನಾನು ಕೇಳಲಿಲ್ಲ. “ನೀವೂ ಬರ್ರಿ ಅಜ್ಜಿ” ಎಂದರೆ, “ನಂದು ಆಗೇತಿ” ಎಂದರು. ಒಲೆಗೆ ಬೆಂಕಿ ಬಿದ್ದದ್ದೇ ನಾನು ಬಂದ ಮೇಲೆ. ಉಣ್ಣುವಾಗ ಅವರು ನನ್ನ ತಾಟನ್ನು ದಿಟ್ಟಿಸಿ ನೋಡಲಿಲ್ಲ, ಬಂದವರಿಗೆ ಸಂಕೋಚವಾಗಬಾರದಲ್ಲ. ಹಂಚಿನತ್ತ ಮುಖ ಮಾಡಿಕೊಂಡೇ, ಅದು ಹೇಗೋ, ರೊಟ್ಟಿ ಮುಗಿಯುವ ಹೊತ್ತಿಗೆ ಸರಿಯಾಗಿ ಇನ್ನೊಂದು ಹಾಕಿದರು.

1948ರವರೆಗೂ ಸವಣೂರು ನವಾಬರ ಸಂಸ್ಥಾನ. 1909ರಲ್ಲಿ ವಿ.ಕೃ. ಗೋಕಾಕರು ಹುಟ್ಟಿದ ಊರು. ಸತ್ಯಬೋಧ ತೀರ್ಥರ ವೃಂದಾವನವಿರುವ ಊರು. ಎಲೆ, ಖಾರ ಎರಡಕ್ಕೂ ಹೆಸರುವಾಸಿ. ಪಕ್ಕದ ಶಿಗ್ಗಾಂವಿ ಸೀಮೆಯ ಶಿಶುನಾಳ ಷರೀಫರನ್ನು ಕಳಸದ ಗೋವಿಂದಭಟ್ಟರು ಶಿಷ್ಯನನ್ನಾಗಿ ಮನೆಯೊಳಕ್ಕೇ ಕರೆದುಕೊಂಡ ಕತೆಯನ್ನು ಇಲ್ಲಿನವರು ನಿನ್ನೆ ಕಂಡಂತೆ ಹೇಳುತ್ತಾರೆ.

ಇದೇ ಊರಿನಲ್ಲಿ 2010ರ ಜುಲೈ ತಿಂಗಳಲ್ಲಿ, ತಲೆಮಾರುಗಳಿಂದ ಮಲ ಹೊತ್ತ ಭಂಗಿ ಸಮುದಾಯದವರು, ಇದ್ದ ನೆಲೆಯಿಂದಲೂ ಎಬ್ಬಿಸುತ್ತಾರೆಂದಾಗ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಆ ಸುದ್ದಿ ಓದಿದಾಗ ಹೊಟ್ಟೆಯಲ್ಲಿ ಎದ್ದ ಸಂಕಟ ನನಗೆ ಇವತ್ತಿಗೂ ಆರಿಲ್ಲ. ಬೀಗರಿಗೆ ಹೋಳಿಗೆ ತುಪ್ಪ ಬಡಿಸುವುದು ಯಾವ ಮನೆಗೂ ಕಷ್ಟವಲ್ಲ. ನಮ್ಮ ಚರಂಡಿ ಬಳಿದವರಿಗೆ ನಾವು ಎಷ್ಟು ಮನೆಗಳಲ್ಲಿ ಕೈಗೆ ತಂಬಿಗೆ ಕೊಟ್ಟಿದ್ದೇವೆ? ಬೊಗಸೆಗೆ ಮೇಲಿಂದ ನೀರು ಸುರಿದದ್ದೇ ಹೆಚ್ಚು. ನನ್ನ ಅಜ್ಜನ ಮನೆಯಲ್ಲೂ ಸುರಿದಿದ್ದೇವೆ.

ಊಟ ಮುಗಿಸಿ, ಅಜ್ಜಿ ಕೊಟ್ಟ ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದೆ. ಓಣಿ ಗುಡಿಸುವ ಹುಡುಗ ಕಸಬರಿಗೆಯನ್ನು ಗೋಡೆಗೆ ಆನಿಸಿ, “ಅಮ್ಮಾ, ನೀರ” ಎಂದ. ಅಜ್ಜಿ ಹೊರಗೆ ಬಂದರು. ಕೈಯಲ್ಲಿದ್ದದ್ದು ನಾನು ಕುಡಿದ ಅದೇ ತಂಬಿಗೆ. ಹುಡುಗ ಮೆಟ್ಟಿಲ ಕೆಳಗೇ ನಿಂತು, ಬೆನ್ನು ಬಾಗಿಸಿ, ಎರಡೂ ಕೈ ಸೇರಿಸಿ ಒಡ್ಡಿದ.

“ಬೊಗಸಿ ಯಾಕ ಒಡ್ಡತೀಯೋ ತಮ್ಮಾ? ತಂಬಿಗಿ ಹಿಡಿ.”

ಅವನ ಕೈ ಅಲ್ಲೇ ತಡವರಿಸಿತು. ನನ್ನ ಕಡೆ ಒಮ್ಮೆ ನೋಡಿದ. ನಾನು ಕಟ್ಟೆಯ ಮೇಲೆ ಸರಿದು ಜಾಗ ಮಾಡಿದೆ. ಒಳಗೆ ಮತ್ತೆ ರೊಟ್ಟಿ ಬಡಿಯುವ ಸದ್ದು.